ಹೈನರ್ ಅಜ್ಜನ ಎರಡು ಮಾನಪತ್ರಗಳು

ಮಾನಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಸಿಡ್ನಿಯಲ್ಲಿ ಯಾರೂ ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಅದು ಮನೆತನದಿಂದ ಬಂದದ್ದು. ಧಾರವಾಡದಲ್ಲಿ ನಮ್ಮಪ್ಪ ಹೈಸ್ಕೂಲು ಮಾಸ್ತರರು. ಓಣಿಯಲ್ಲಿ ಯಾರು ನಿವೃತ್ತರಾದರೂ, ಪೋಸ್ಟ್‌ಮ್ಯಾನ್‌ಗೆ ವರ್ಗವಾದರೂ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಚೌಕಟ್ಟು ಹಾಕಿದ ಮಾನಪತ್ರ ಆಗಲೇಬೇಕು. ಆ ಮಾನಪತ್ರವನ್ನು ನಮ್ಮಪ್ಪನೇ ಬರೆಯಬೇಕು. ನಾನು ಪಕ್ಕದಲ್ಲಿ ಕೂತು ಅಂದವಾದ ಅಕ್ಷರದಲ್ಲಿ ಪ್ರತಿ ಇಳಿಸುತ್ತಿದ್ದೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅದು ಮಾನಪತ್ರವಲ್ಲ, ರಜಾ ಅರ್ಜಿ ಎಂದು ಅಪ್ಪ ಹೇಳುತ್ತಿದ್ದರು. ಹತ್ತು ವರ್ಷದ ಚಾಕರಿ ಮಾಡಿದವರದು 'ದಶಕಗಳ ಸೇವೆ'. ಒಮ್ಮೆ ಬೆಳಗಾವಿಗೆ ಹೋಗಿ ಎರಡು ಮಾತಾಡಿ ಬಂದವರು 'ನಾಡಿನಾದ್ಯಂತ ಹೆಸರಾದ ವಾಗ್ಮಿ'. ಕೇಳುವವರಿಗೂ ಗೊತ್ತು, ಶಾಲು ಹೊದೆಸಿಕೊಳ್ಳುವವರಿಗೂ ಗೊತ್ತು, ಆದ್ದರಿಂದ ಯಾರಿಗೂ ಮೋಸವಿಲ್ಲ. ಹೀಗೆಂದು ನಾನು ನಲವತ್ತೈದು ವರ್ಷ ನಂಬಿಕೊಂಡಿದ್ದೆ.

ನಾವು ಸಿಡ್ನಿಗೆ ಬಂದದ್ದು ಎರಡು ಸಾವಿರದ ಒಂದನೇ ಇಸವಿಯ ಜನವರಿಯಲ್ಲಿ. ನಾನು, ಹೆಂಡತಿ ಸಂಧ್ಯಾರಾಣಿ, ಒಂಬತ್ತು ವರ್ಷದ ಮಗಳು ಅರುಂಧತಿ. ಹ್ಯಾರಿಸ್ ಪಾರ್ಕ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ನಾರ್ವೆಸ್ಟ್‌ನ ವಿಮಾ ಕಚೇರಿಯಲ್ಲಿ ನನಗೆ ಕೆಲಸ. ಎಲ್ಲ ಸರಿಯಾಗಿಯೇ ಇತ್ತು, ಮಗಳೊಬ್ಬಳನ್ನು ಬಿಟ್ಟು. ಮನೆಯಲ್ಲಿ ಕಿವಿ ತೂತು ಬೀಳುವಷ್ಟು ಮಾತಾಡುವ ಹುಡುಗಿ ಶಾಲೆಯಲ್ಲಿ ಬಾಯಿಯೇ ಬಿಡಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ಅಷ್ಟೇ. ಆಗಸ್ಟ್‌ನಲ್ಲಿ ಟೀಚರ್ ನಮ್ಮಿಬ್ಬರನ್ನೂ ಕರೆಸಿ, ಏಳು ತಿಂಗಳಾಯಿತು, ಒಂದು ಶಬ್ದವಿಲ್ಲ, ಮುಂದಿನ ಟರ್ಮಿನಲ್ಲಿ ಪರೀಕ್ಷೆ ಮಾಡಿಸಿ ವಿಶೇಷ ಮಕ್ಕಳ ತರಗತಿಗೆ ಹಾಕುವುದು ಒಳ್ಳೆಯದೇನೋ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಸಂಧ್ಯಾರಾಣಿ ಮಾತ್ರ ಮನೆಯವರೆಗೂ ಅಳುತ್ತಲೇ ನಡೆದಳು.

ನಮ್ಮ ಮನೆಯ ಹತ್ತಿರ ಒಂದು ಮೈದಾನ, ಅದರ ಪಕ್ಕ ಒಂದು ಸಮುದಾಯ ಭವನ. ಭವನದ ಬೀಗದ ಕೈ ಹೈನರ್ ಫೋಸ್ಕಾಂಪ್ ಎಂಬ ಎಪ್ಪತ್ತೊಂದು ವರ್ಷದ ಜರ್ಮನ್ ಅಜ್ಜನ ಬಳಿ ಇರುತ್ತಿತ್ತು. ಎತ್ತರದ ಆಳು, ಎಡಗಾಲು ಸ್ವಲ್ಪ ಎಳೆದು ಹಾಕುತ್ತಿದ್ದರು. ಶನಿವಾರ ಬೆಳಿಗ್ಗೆ ಸಣ್ಣ ಹುಡುಗಿಯರಿಗೆ ಪುಕ್ಕಟೆ ಫುಟ್‌ಬಾಲ್ ಹೇಳಿಕೊಡುತ್ತಿದ್ದರು. ಹಿಂದೆ ಜರ್ಮನಿಯಲ್ಲಿ ದೊಡ್ಡ ಆಟಗಾರರಾಗಿದ್ದರಂತೆ ಎಂಬ ಸುದ್ದಿ ಓಣಿಯಲ್ಲಿತ್ತು. ಶಾಲೆಯಲ್ಲಿ ಆಗದ್ದು ಆಟದಲ್ಲಾದರೂ ಆದೀತು ಎಂದು ಅರುಂಧತಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಇವಳು ಮಾತಾಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಅವರು ಅವಳನ್ನು ಎಡಗಡೆಯ ಗೆರೆಯ ಪಕ್ಕ ನಿಲ್ಲಿಸಿ, ಉಳಿದ ಹುಡುಗಿಯರನ್ನು ಕರೆದು, ಇವಳು ಕೂಗಿ ಕೇಳುವವರೆಗೆ ಯಾರೂ ಇವಳಿಗೆ ಚೆಂಡು ಕೊಡಬೇಡಿ ಎಂದುಬಿಟ್ಟರು!

ಮೂರು ಶನಿವಾರ ನನ್ನ ಮಗಳು ಆ ಗೆರೆಯ ಮೇಲೆ ಬರಿದೇ ಹಿಂದೆ ಮುಂದೆ ಓಡಿದಳು. ಚೆಂಡು ಒಮ್ಮೆಯೂ ಬರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಮೂರನೆಯ ಶನಿವಾರ ನೇರವಾಗಿ ಹೋಗಿ ಕೇಳಿದೆ, ಇದು ಕಲಿಸುವುದೋ ಶಿಕ್ಷೆಯೋ ಎಂದು. ಹೈನರ್ ಅಜ್ಜನ ಇಂಗ್ಲಿಷು ಗಡಸು, ನಿಧಾನ, ಒಂದೊಂದು ಮಾತೂ ಒದ್ದು ನಿಲ್ಲಿಸಿದಂತೆ. ಯಾಕೋ ಏನೋ, ಅದು ನನ್ನ ಕಿವಿಗೆ ಯಾವಾಗಲೂ ನಮ್ಮೂರ ಕನ್ನಡದ ಹಾಗೇ ಕೇಳುತ್ತಿತ್ತು. ಹಾಗೆಯೇ ಬರೆಯುತ್ತೇನೆ.

"ವಿಂಗರ್ ಅಂದ್ರ ಏನು ಗೊತ್ತದ ಏನ್ರಿ ನಿಮಗ? ಎಲ್ಲಾರೂ ನಡುವ ಗುದ್ದಾಡ್ತಿರ್ತಾರ. ಅಂವ ಒಬ್ಬನ ಅಂಚಿಗೆ ನಿಂತಿರ್ತಾನ. ಅವನ್ನ ಯಾರೂ ನೋಡೂದಿಲ್ಲ. ಒದರಬೇಕು. ಒದರದಿದ್ರ ಆಟ ಮುಗದ್ರೂ ಚೆಂಡು ಬರೂದಿಲ್ಲ. ನಾ ಏನೂ ಕಲಸ್ಲಿಕ್ಕತ್ತಿಲ್ಲ. ಕಾಯ್ಲಿಕ್ಕತ್ತೀನಿ."

ನಾಲ್ಕನೆಯ ಶನಿವಾರ ಎಡಗಡೆ ಇಡೀ ಮೈದಾನ ಖಾಲಿಯಿತ್ತು. ಗೋಲಿನ ಮುಂದೆ ಯಾರೂ ಇರಲಿಲ್ಲ. ಚೆಂಡು ಇದ್ದ ಕೆಂಗೂದಲಿನ ಹುಡುಗಿ ನೆಲ ನೋಡುತ್ತ ಓಡುತ್ತಿದ್ದಳು. ಆಗ ಕೇಳಿತು:

"ಇಲ್ಲೇ! ಏ, ಇಲ್ಲೇ ಒಗೀ ಅದನ್ನ!"

ಅಪ್ಪಟ ಧಾರವಾಡ. ಮೈದಾನದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೆಂಗೂದಲಿನ ಹುಡುಗಿಗೆ ಭಾಷೆ ಗೊತ್ತಾಗದಿದ್ದರೂ ಚೆಂಡು ಕೊಟ್ಟಳು. ಗೋಲು ಆಗಲಿಲ್ಲ, ಚೆಂಡು ಕಂಬಕ್ಕೂ ದೂರವಾಗಿ ಹೋಯಿತು. ಹೈನರ್ ಅಜ್ಜ ಚಪ್ಪಾಳೆ ತಟ್ಟಲಿಲ್ಲ, ಶಹಬ್ಬಾಸ್ ಎನ್ನಲಿಲ್ಲ. ಬಗ್ಗಿ ಬೂಟಿನ ಲೇಸು ಕಟ್ಟುತ್ತ ಬಹಳ ಹೊತ್ತು ಹಾಗೇ ಇದ್ದರು. ಸೋಮವಾರ ಹಾಜರಿ ಕರೆದಾಗ ಅರುಂಧತಿ "ಹಿಯರ್" ಎಂದಳು. ಟೀಚರ್ ಅದನ್ನು ಹೇಳಲೆಂದೇ ನನ್ನ ಕಚೇರಿಗೆ ಫೋನ್ ಮಾಡಿದರು. ನಾನು ಎದ್ದು ಹೋಗಿ ಬಾತ್‌ರೂಮಿನಲ್ಲಿ ಮುಖ ತೊಳೆದುಕೊಂಡು ಬಂದೆ.

ಇಂಥ ಮನುಷ್ಯನಿಗೆ ನಮ್ಮ ಕಡೆಯವರು ಏನು ಮಾಡುತ್ತಾರೆ? ಸನ್ಮಾನ ಮಾಡುತ್ತಾರೆ. ಆದರೆ ಹೈನರ್ ಅಜ್ಜ ಅಂಥದಕ್ಕೆಲ್ಲ ಒಪ್ಪುವವರಲ್ಲ. ನಾಲ್ಕು ವರ್ಷ ಕಾದೆ. ಎರಡು ಸಾವಿರದ ಐದರ ನವೆಂಬರಿನಲ್ಲಿ ಅವರು ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿರುವ ಮಗಳು ಇಂಗ್ರಿಡ್‌ಳ ಹೊಸ ಮನೆಗೆ ಹೋಗಿ ಇದ್ದುಬಿಡುತ್ತಾರೆಂದು ಗೊತ್ತಾಯಿತು. ಇನ್ನು ಬಿಟ್ಟರೆ ಆಗುವುದಿಲ್ಲವೆಂದು, ನಮ್ಮ ಕನ್ನಡ ಮಂದಿ ಸೇರಿ ಮಾಡುತ್ತಿದ್ದ ರಾಜ್ಯೋತ್ಸವದಲ್ಲಿ ಅವರಿಗೊಂದು ಸನ್ಮಾನ ಇಡಿಸಿದೆ. ಆ ತಿಂಗಳು ಆಸ್ಟ್ರೇಲಿಯಾ ತಂಡ ವಿಶ್ವಕಪ್ಪಿಗೆ ಆಯ್ಕೆಯಾಗಿ ಸಿಡ್ನಿಗೆ ಸಿಡ್ನಿಯೇ ಫುಟ್‌ಬಾಲ್ ಹುಚ್ಚಿನಲ್ಲಿತ್ತು. ಅರುಂಧತಿ ಕೇಳಿಕೊಂಡಳು ಎಂಬ ಒಂದೇ ಕಾರಣಕ್ಕೆ ಅಜ್ಜ ಬರಲು ಒಪ್ಪಿದರು.

ಮಾನಪತ್ರಕ್ಕೆ ವಿವರ ಬೇಕಲ್ಲ. ಜರ್ಮನಿಯಲ್ಲಿ ಆಡುತ್ತಿದ್ದಿರಾ ಎಂದು ಅವರನ್ನು ಕೇಳಿದರೆ "ಆಡಿದ್ದೆ" ಎಂದಷ್ಟೇ ಹೇಳಿ ಮಾತು ಮುಗಿಸಿದರು. ಇಂಗ್ರಿಡ್‌ಗೆ ಫೋನ್ ಮಾಡಿದೆ. ಐವತ್ತರ ದಶಕದಲ್ಲಿ ಅಪ್ಪ ಜರ್ಮನಿಯ ರಾಷ್ಟ್ರೀಯ ತಂಡದ ಜೊತೆ ಮೂರು ಸಲ ಹೋಗಿದ್ದರು ಎಂದಳು. ಜೊತೆ ಹೋಗಿದ್ದರು ಎಂದರೆ ಆಡಿದರು ಎಂದೇ ಅರ್ಥ ಎಂದುಕೊಂಡೆ. 'ಮೂರು' ಎಂದು ಬರೆದರೆ ಬಡಕಲಾಗಿ ಕಾಣುತ್ತದೆಂದು 'ಹಲವಾರು' ಎಂದು ಬರೆದೆ. ನಮ್ಮ ರಾಜ್ಯೋತ್ಸವ ಸಮಿತಿಯ ಅಧ್ಯಕ್ಷರು ಹುಬ್ಬಳ್ಳಿಯ ಶಿವಬಸಪ್ಪನವರು. ಕರಡು ಓದಿ ಮೂಗು ಮುರಿದರು.

"ಇದೇನ್ರಿ ಬದರಿನಾಥ, ಉಪ್ಪಿಲ್ಲ ಖಾರಿಲ್ಲ. ಐವತ್ನಾಕರಾಗ ಜರ್ಮನಿ ವಿಶ್ವಕಪ್ ಗೆದ್ದೈತಿ. ಇವ್ರು ಆವಾಗ ಆಡಾಕತ್ತಿದ್ರೋ ಇಲ್ಲೋ?"

"ಆಡ್ತಿದ್ರು."

"ಮತ್ತ? ವಿಶ್ವ ಚಾಂಪಿಯನ್ ಅಂತ ಹಾಕ್ರಿ. ಬಂದ ಮಂದಿಗೂ ಕುರ್ಚಿ ಬಿಟ್ಟು ಏಳಬಾರದು ಅನ್ನಸ್ಬೇಕು."

ಹಾಕಿದೆ. ಶಿವಬಸಪ್ಪನವರ ಮೇಲೆ ಗೂಬೆ ಕೂರಿಸುವುದಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು. ಬರೆಯುವಾಗ ಖುಷಿಯೂ ಆಯಿತು. ಕನ್ನಡದ್ದನ್ನು ನಾನು ಓದುವುದು, ಇಂಗ್ಲಿಷಿನಲ್ಲಿ ಅರುಂಧತಿ ಓದುವುದು ಎಂದು ತೀರ್ಮಾನವಾಯಿತು. ಅವಳು ಮನೆಯಲ್ಲಿ ಹತ್ತು ಸಲ ಓದಿ ತಾಲೀಮು ಮಾಡಿದಳು. ಒಮ್ಮೆ ನಿಲ್ಲಿಸಿ, "ಅಪ್ಪಾ, ಈಸ್ ದಿಸ್ ಟ್ರೂ? ಹಿ ನೆವರ್ ಟೋಲ್ಡ್ ಅಸ್" ಎಂದಳು.

"ದೊಡ್ಡ ಮಂದಿ ತಮ್ಮದು ತಾವು ಹೇಳ್ಕೊಳ್ಳೂದಿಲ್ಲ ಪುಟ್ಟಿ," ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು ನನ್ನ ಬಾಯಲ್ಲಿ!

ಸಮಾರಂಭದ ದಿನ ಭವನ ಕಿಕ್ಕಿರಿದಿತ್ತು. ಮುನ್ನೂರು ಮಂದಿ. ಎರಡನೆಯ ಸಾಲಿನಲ್ಲಿ ಹೈನರ್ ಅಜ್ಜ ಸಿಡ್ನಿಯಲ್ಲಿ ಆಡುತ್ತಿದ್ದ ಹಳೆಯ ಫುಟ್‌ಬಾಲ್ ಕ್ಲಬ್ಬಿನ ಆರು ಜನ ಜರ್ಮನ್ ಮುದುಕರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಕೂತಿದ್ದರು. ಅಜ್ಜನಿಗೆ ತೊಡಿಸಿದ ಮೈಸೂರು ಪೇಟ ಸ್ವಲ್ಪ ದೊಡ್ಡದಾಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. ನನ್ನ ಓದು ಮುಗಿದು ಅರುಂಧತಿ ಮೈಕಿನ ಮುಂದೆ ಬಂದಳು. ಅಷ್ಟು ಜನರೆದುರು ಅವಳು ಮಾತಾಡುತ್ತಿದ್ದದ್ದು ಅದೇ ಮೊದಲು. ಮೊದಲೆರಡು ಸಾಲು ದನಿ ನಡುಗಿತು, ಆಮೇಲೆ ಸ್ವಚ್ಛವಾಗಿ ಬಂತು. ವಿಶ್ವ ಚಾಂಪಿಯನ್ ಎಂಬಲ್ಲಿ ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಅಜ್ಜ ಏನೋ ಹೇಳುವವರಂತೆ ಕೈ ಎತ್ತಿದರು. ಅವಳ ಕಡೆ ನೋಡಿದರು. ಕೈಯನ್ನು ಮೆಲ್ಲಗೆ ಮಂಡಿಯ ಮೇಲೆ ಇಳಿಸಿದರು. ಸಂಕೋಚ ಇರಬೇಕು ಎಂದುಕೊಂಡು ನನಗೆ ಇನ್ನೂ ಪ್ರೀತಿ ಉಕ್ಕಿತು.

ಸ್ಥಳೀಯ ವಾರಪತ್ರಿಕೆಯಲ್ಲಿ ಫೋಟೋ ಬಂತು, ಪೇಟದ ಅಜ್ಜ, ಪಕ್ಕದಲ್ಲಿ ಅರುಂಧತಿ. ಮೇಲೆ ದಪ್ಪ ಅಕ್ಷರದಲ್ಲಿ 'ನಮ್ಮ ನಡುವಿನ ವಿಶ್ವ ಚಾಂಪಿಯನ್'. ಡಿಸೆಂಬರಿನಲ್ಲಿ ಅವರು ಮೆಲ್ಬರ್ನ್‌ಗೆ ಹೋದರು. ಎರಡು ಮೂರು ಸಲ ಫೋನ್ ಮಾಡಿದಾಗ ಚೆನ್ನಾಗಿಯೇ ಮಾತಾಡಿದರು, ಆದರೆ ಅರುಂಧತಿಯ ಬಗ್ಗೆಯಷ್ಟೇ ಕೇಳಿ ಫೋನ್ ಇಟ್ಟುಬಿಡುತ್ತಿದ್ದರು.

ಫೆಬ್ರವರಿಯಲ್ಲಿ ಯಾವುದೋ ಕಾರ್ಯಕ್ರಮಕ್ಕೆ ಭವನ ಬುಕ್ ಮಾಡಲು ಹೋದೆ. ಬೀಗದ ಕೈ ಈಗ ವಾಲ್ಟರ್ ಎಂಬವರ ಬಳಿ ಇತ್ತು. ಎರಡನೆಯ ಸಾಲಿನಲ್ಲಿ ಕೂತಿದ್ದ ಆರು ಮಂದಿಯಲ್ಲಿ ಒಬ್ಬರು, ಅದೇ ಕ್ಲಬ್ಬಿನ ಹಳೆಯ ಗೋಲ್‌ಕೀಪರ್. ನನ್ನನ್ನು ನೋಡಿದ್ದೇ ಮುಖ ಗಂಟಿಕ್ಕಿದರು. ಇವರ ಇಂಗ್ಲಿಷೂ ಹೈನರ್ ಅಜ್ಜನದರ ಹಾಗೇ, ನನ್ನ ಕಿವಿಗೆ ನಮ್ಮೂರ ಕನ್ನಡ.

"ಹ್ಯಾಂಗಿದ್ದಾನ ನಿಮ್ಮ ವಿಶ್ವ ಚಾಂಪಿಯನ್?"

ದನಿಯಲ್ಲಿದ್ದ ಕಹಿ ನನಗೆ ಅರ್ಥವಾಗಲಿಲ್ಲ. ಯಾಕೆ ಹಾಗೆ ಕೇಳುತ್ತೀರಿ ಎಂದೆ. ಅವರು ಬೀಗದ ಕೈಗಳ ಗೊಂಚಲನ್ನು ಮೇಜಿನ ಮೇಲೆ ಒಗೆದು ಶುರು ಮಾಡಿದರು.

"ಅಂವ ದೇಶಕ್ಕ ಒಂದು ಮ್ಯಾಚೂ ಆಡಿಲ್ಲ. ಸೊನ್ನೆ! ಮೂರು ಸಲ ತಂಡದ ಜೋಡಿ ಹೋದ, ಮೂರೂ ಸಲ ಕೋಟು ಹಾಕ್ಕೊಂಡು ಬೆಂಚಿನ ಮ್ಯಾಲೆ ಕೂತು ಬಂದ. ವಿಶ್ವಕಪ್ಪಿನ ಪಟ್ಟಿಯಿಂದ ಹೆಸರು ಹೊಡದಿದ್ರು. ಫೈನಲ್ ನಡದಾಗ ತಾ ದುಡೀತಿದ್ದ ಕಲ್ಲಿದ್ದಲ ಗಣಿ ಕ್ಯಾಂಟೀನಿನ ರೇಡಿಯೋದಾಗ ಕೇಳಿದಾಂವ ಅಂವ. ಐವತ್ತೊಂಬತ್ರಾಗ ಇಲ್ಲಿಗೆ ಬಂದಾಗ ನಮ್ಮ ಕ್ಲಬ್ಬಿನವರು ಊರ ತುಂಬ ಪೋಸ್ಟರ್ ಹಚ್ಚಿದ್ರು, ವಿಶ್ವ ಚಾಂಪಿಯನ್ ಆಡ್ತಾನ, ಬರ್ರಿ ಅಂತ. ಪೋಸ್ಟರ್ ಹರಿಯೂತನಕ ಮೈದಾನಕ್ಕ ಇಳಿಯೂದಿಲ್ಲ ಅಂತ ಕೂತ. ಅಂವ ಒಂದು ಸೈಕಲ್, ನಾ ಒಂದು ಸೈಕಲ್, ಆಬರ್ನ್‌ನಿಂದ ಗ್ರಾನ್‌ವಿಲ್ ತನಕ ಒಂದೊಂದ ಹರದು ಬಂದ್ವಿ. ನಲವತ್ತಾರು ವರ್ಷ ಯಾರು ಕೇಳಿದ್ರೂ ಅಂವಂದು ಒಂದ ಉತ್ರ, ಸೊನ್ನೆ. ಅದಕ್ಕ ನಾವು ಅವನ್ನ ತಲಿ ಮ್ಯಾಲೆ ಇಟ್ಕೊಂಡಿದ್ವಿ. ಈಗ ಮುಪ್ಪಿನ ಕಾಲಕ್ಕ ಪೇಟ ಸುತ್ತಿಸ್ಕೊಂಡು, ನಮ್ಮ ಕಣ್ಣ ಮುಂದ ಚಾಂಪಿಯನ್ ಆಗಿ ಕೂತ! ಜನವರಿ ಒಳಗ ಅಂವನ ಹುಟ್ಟಿದ ದಿನ ಬಂತು. ನಮ್ಮ ಪೈಕಿ ಒಬ್ಬರೂ ಫೋನ್ ಮಾಡ್ಲಿಲ್ಲ."

ಆ ಮನುಷ್ಯ ಇಡೀ ಜೀವಮಾನ ಕಾಪಾಡಿಕೊಂಡು ಬಂದ ಒಂದೇ ಒಂದು ಆಸ್ತಿಯನ್ನು ನಾನು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಎಲ್ಲರೆದುರಿಗೆ ಕಿತ್ತುಕೊಂಡಿದ್ದೆ. ಉಪಕಾರ ತೀರಿಸಲು ಹೋಗಿ!

"ಅವ್ರು ಹೇಳಿಲ್ಲ. ಬರದಾಂವ ನಾನು," ಎಂದೆ. ನಮ್ಮಲ್ಲಿ ಮಾನಪತ್ರ ಹೇಗೆ ಬರೆಯುತ್ತಾರೆ, 'ಹಲವಾರು' ಹೇಗೆ ಬಂತು, 'ಚಾಂಪಿಯನ್' ಹೇಗೆ ಬಂತು, ಎಲ್ಲ ಒಪ್ಪಿಸಿದೆ. ವಾಲ್ಟರ್ ಬೀಗದ ಕೈಗಳ ಗೊಂಚಲನ್ನು ಮತ್ತೆ ಎತ್ತಿಕೊಂಡರು.

"ಹಂಗಾರ ಅಂವ ಯಾಕ ಸುಮ್ಮ ಕೂತ? ಎದ್ದು ನಿಂತು ಸುಳ್ಳದ ಅನ್ಲಿಕ್ಕೆ ಬಾಯಿ ಇರ್ಲಿಲ್ಲ ಏನು?"

ಹೋಗಿ ಅವರನ್ನೇ ಕೇಳೋಣ ಎಂದೆ.

ಈಸ್ಟರ್ ರಜೆಯಲ್ಲಿ ನಾನು, ಅರುಂಧತಿ, ವಾಲ್ಟರ್ ಮೂವರೂ ಹೊರಟೆವು. ಅದಕ್ಕೆ ಮೊದಲು ನಾಲ್ಕು ದಿನ ಕೂತು ಹೊಸ ಮಾನಪತ್ರ ಬರೆದೆ. ವಾಲ್ಟರ್ ಹೇಳಿದ ಲೆಕ್ಕಗಳಷ್ಟೇ, ಅಲಂಕಾರವಿಲ್ಲ. ಅಷ್ಟು ಕಷ್ಟದ ಬರವಣಿಗೆ ನಾನು ಮಾಡಿಯೇ ಇಲ್ಲ. 'ಅಪ್ರತಿಮ' ಎಂಬ ಪದ ತಾನಾಗಿಯೇ ಬಂದು ಕೂರುತ್ತಿತ್ತು, ಹೊಡೆದು ಹಾಕಬೇಕಾಗುತ್ತಿತ್ತು. ಅರುಂಧತಿಗೆ ನನ್ನ ತಪ್ಪನ್ನು ಹೇಳಿದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ "ಐ ವಿಲ್ ರೀಡ್ ಇಟ್. ನಾಟ್ ಯು" ಎಂದಳು. ನಾನು ತಲೆಯಾಡಿಸಿದೆ.

ಕಾರಿನಲ್ಲಿ ಹತ್ತು ತಾಸು. ಸಂಧ್ಯಾರಾಣಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ವಾಲ್ಟರ್ ದಾರಿಯಲ್ಲೇ ಅರ್ಧ ಮುಗಿಸಿದರು, ಆದರೂ ಮುಖ ಸಡಿಲಾಗಲಿಲ್ಲ. ಟಾರ್ನೀಟ್‌ನಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಗಾಳಿಗೆ ಕೆಮ್ಮಣ್ಣು ಏಳುತ್ತಿತ್ತು. ಶನಿವಾರ ಮಧ್ಯಾಹ್ನ ಇಂಗ್ರಿಡ್‌ಳ ಮನೆ ತಲುಪಿದೆವು. ಬಾಗಿಲು ತೆರೆದ ಹೈನರ್ ಅಜ್ಜ ನಮ್ಮನ್ನು ನೋಡಿ ನಕ್ಕರು. ಹಿಂದೆ ನಿಂತ ವಾಲ್ಟರ್ ಅವರನ್ನು ಕಂಡು ನಗು ನಿಂತಿತು. ಇಬ್ಬರೂ ಒಳಗೆ ಹೋಗಿ ಎದುರು ಬದುರು ಕೂತರು.

ನಾನು ಪೀಠಿಕೆ ಹಾಕಲು ಬಾಯಿ ತೆರೆದೆ. ಅರುಂಧತಿ ನನ್ನನ್ನು ಸುಮ್ಮನಿರಿಸಿ ಎದ್ದು ನಿಂತು ಇಂಗ್ಲಿಷಿನಲ್ಲಿ ಓದಿದಳು.

"ಹೈನರ್ ಫೋಸ್ಕಾಂಪ್. ಎಡ ವಿಂಗರ್. ಹದಿನೈದನೇ ವಯಸ್ಸಿಗೆ ಕಲ್ಲಿದ್ದಲು ಗಣಿ ಸೇರಿದರು. ಗಣಿ ಊರಿನ ಕ್ಲಬ್ಬಿಗೆ ಏಳು ವರ್ಷ ಆಡಿದರು. ನೂರ ನಲವತ್ತಮೂರು ಪಂದ್ಯ, ಮೂವತ್ತೊಂದು ಗೋಲು. ರಾಷ್ಟ್ರೀಯ ತಂಡದ ಜೊತೆ ಮೂರು ಸಲ ಹೋದರು. ಆಡಿದ ಪಂದ್ಯ ಸೊನ್ನೆ. ವಿಶ್ವಕಪ್ ಆಡಲಿಲ್ಲ. ಸಿಡ್ನಿಯಲ್ಲಿ ಏಳು ಸೀಸನ್ ಆಡಿ, ಮಂಡಿ ಹೋದ ಮೇಲೆ ರೈಲ್ವೆ ಕಾರ್ಖಾನೆಯಲ್ಲಿ ದುಡಿದರು. ಶನಿವಾರಗಳಲ್ಲಿ ಮಕ್ಕಳಿಗೆ ಆಟ ಕಲಿಸಿದರು. ಮೊದಲು ಓದಿದ್ದು ಸುಳ್ಳು. ಇದು ನಿಜ."

ಅಜ್ಜ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಬೆರಳು ಎತ್ತಿ, "ಮೂವತ್ತೊಂದಲ್ಲ, ಮೂವತ್ತು. ಒಂದು ಎದುರಿನವನ ಕಾಲಿಗೆ ತಾಗಿ ಒಳಗ ಹೋತು," ಎಂದರು. ಅರುಂಧತಿ ಪೆನ್ನು ತೆಗೆದು ತಿದ್ದಿದಳು.

ವಾಲ್ಟರ್‌ಗೆ ತಡೆಯಲಾಗಲಿಲ್ಲ. "ಒಂದು ಗೋಲಿಗೆ ಇಷ್ಟು ಖಬರ್ ಇಟ್ಟಾಂವ, ಅವತ್ತ ಯಾಕ ಸುಮ್ಮ ಕೂತಿದ್ದಿ?"

ಹೈನರ್ ಅಜ್ಜ ಚಹಾದ ಕಪ್ಪನ್ನು ಅತ್ತಿತ್ತ ತಿರುಗಿಸಿದರು.

"ಅಕಿ ಓದ್ಲಿಕ್ಕತ್ತಿದ್ಲು, ವಾಲ್ಟರ್. ಮುನ್ನೂರು ಮಂದಿ ಮುಂದ. ನಾ ಸುಳ್ಳು ಅಂದಿದ್ರ ಮಂದಿ ಅಕಿ ಮಾರಿ ನೋಡ್ತಿದ್ರು. ಅಕಿ ಮತ್ತ ಬಾಯಿ ಮುಚ್ಚಿಬಿಟ್ಟಿದ್ರ?"

"ಆಮ್ಯಾಲೆ ಹೇಳಬಹುದಿತ್ತಲ್ಲ! ಪೇಪರಿನವರಿಗೆ?"

"ಪೇಪರಿನ್ಯಾಗ ಅಕಿ ಫೋಟೋ ಇತ್ತು. ಸಾಲ್ಯಾಗ ಗ್ವಾಡಿಗೆ ಹಚ್ಯಾರ ಅಂತ ಅಕೀನ ಫೋನಿನ್ಯಾಗ ಹೇಳಿದ್ಲು. ಎಷ್ಟು ಖುಷಿಯಾಗಿದ್ಲು..."

ಅರುಂಧತಿ ಹೋಗಿ ಅಜ್ಜನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅವರ ಮಂಡಿಗೆ ಹಣೆ ಹಚ್ಚಿದಳು. ನಾನು ಅತ್ತೆ. ನಾಚಿಕೆಯಿಂದ ಅತ್ತದ್ದು ಸ್ವಲ್ಪ, ಉಳಿದದ್ದೆಲ್ಲ ಕೃತಜ್ಞತೆಯಿಂದ. ಹೆತ್ತ ಅಪ್ಪನಾದ ನಾನು ಚಪ್ಪಾಳೆ ಎಣಿಸುತ್ತ ಕೂತಿದ್ದಾಗ, ನನ್ನ ಮಗಳ ದನಿಯನ್ನು ಕಾದವರು ಅವರು.

ವಾಲ್ಟರ್ ಎದ್ದರು. ಮೂಲೆಯಲ್ಲಿದ್ದ ಫೋನ್ ಎತ್ತಿ ಸಿಡ್ನಿಯ ಕ್ಲಬ್ಬಿನ ನಂಬರು ಒತ್ತಿದರು. ಶನಿವಾರ ಮಧ್ಯಾಹ್ನ ಮುದುಕರೆಲ್ಲ ಅಲ್ಲಿ ಇಸ್ಪೀಟಾಡುತ್ತ ಕೂತಿರುತ್ತಾರೆ. ಜರ್ಮನ್ ಭಾಷೆಯಲ್ಲಿ ಜೋರಾಗಿ ಏನೋ ಗದರಿ, ಸ್ಪೀಕರ್ ಹಾಕಿ, ಅರುಂಧತಿಯ ಕಡೆ ತಿರುಗಿದರು.

"ಓದು ಪುಟ್ಟಿ. ಗಟ್ಟಿಯಾಗಿ ಓದು. ಅಲ್ಲಿ ಇಬ್ಬರಿಗೆ ಕಿವಿ ಮಂದ."

ಅವಳು ಓದಿದಳು. ಸೊನ್ನೆ ಎಂಬಲ್ಲಿ ಆ ಕಡೆಯಿಂದ ಮೇಜನ್ನು ಗುದ್ದುವ ಸದ್ದು ಶುರುವಾಯಿತು, ಒಬ್ಬರು, ಇಬ್ಬರು, ಆಮೇಲೆ ಎಲ್ಲರೂ. ಅವರ ಕಡೆ ಮೆಚ್ಚಿದರೆ ಹಾಗೆ ಗುದ್ದುತ್ತಾರಂತೆ. ಫೋನು ಹೈನರ್ ಅಜ್ಜನ ಕೈಗೆ ಹೋಯಿತು. ಆ ಕಡೆಯ ಮುದುಕರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದರು. ಇದ್ದಕ್ಕಿದ್ದಂತೆ ಅಜ್ಜನ ದನಿ ಏರಿತು, ಮುಖ ಕೆಂಪಾಯಿತು, ಗದ್ದಲವೇ ಶುರುವಾಯಿತು. ಏನಾಯಿತೆಂದು ಗಾಬರಿಯಿಂದ ವಾಲ್ಟರ್ ಅವರನ್ನು ಕೇಳಿದೆ.

"ಅವರು ಮೂವತ್ತೊಂದು ಅಂತಾರ. ತಾಗಿದ್ರೇನಾತು, ಒದ್ದಾಂವ ನೀನ ಅಲ್ಲೇನು ಅಂತ. ಇಂವ ಒಪ್ಪವಲ್ಲ," ಎಂದು ವಾಲ್ಟರ್ ಕಣ್ಣೊರೆಸಿಕೊಳ್ಳುತ್ತ ನಕ್ಕರು.

ಅರ್ಧ ತಾಸು ಜಗಳವಾಡಿದರೂ ಅಜ್ಜ ಆ ಒಂದು ಗೋಲನ್ನು ತೆಗೆದುಕೊಳ್ಳಲಿಲ್ಲ. ಒಂದು ಗೋಲನ್ನೂ ಪುಕ್ಕಟೆ ತೆಗೆದುಕೊಳ್ಳದ ಆ ಮನುಷ್ಯ, ನನ್ನ ಮಗಳಿಗೋಸ್ಕರ ಇಡೀ ವಿಶ್ವಕಪ್ಪನ್ನು ಐದು ತಿಂಗಳು ತಲೆಯ ಮೇಲೆ ಹೊತ್ತುಕೊಂಡಿದ್ದರು.